ಹನ್ನೊಂದು ಸಾವಿರ ಸದಸ್ಯರಿದ್ದಾರೆ, ಮಾತಾಡುವವರಿಲ್ಲ

ಪ್ರಶ್ನೆ: ಕೀಲಿ ಕೊಡುವ ಹಳೆಯ ಗಡಿಯಾರಗಳನ್ನು ಬಿಚ್ಚಿ ರಿಪೇರಿ ಮಾಡುವ ಹವ್ಯಾಸಿಗಳ ಆನ್‌ಲೈನ್ ಚರ್ಚಾ ಗುಂಪೊಂದರಲ್ಲಿ ಹನ್ನೆರಡು ವರ್ಷಗಳಿಂದ ಇದ್ದೇನೆ. ಆರು ವರ್ಷಗಳಿಂದ ಅದರ ನಿರ್ವಾಹಕನೂ ಹೌದು. ಸದಸ್ಯರ ಸಂಖ್ಯೆ 11,000 ದಾಟಿದೆ. ಆದರೆ ದಿನಕ್ಕೆ ಇಪ್ಪತ್ತು ಮೂವತ್ತು ಬರಹ ಬರುತ್ತಿದ್ದ ಜಾಗದಲ್ಲಿ ಈಗ ವಾರಕ್ಕೆ ಎರಡು ಬಂದರೆ ಹೆಚ್ಚು. ಜನರಿಗೆ ಆಸಕ್ತಿಯೇ ಹೋಯಿತೇ? ನಾವೇ ಏನಾದರೂ ತಪ್ಪು ಮಾಡಿದೆವೇ? ಉಳಿದಿರುವ ಕೆಲವರು ಚಾಟ್ ಆ್ಯಪ್‌ಗೆ ಹೋಗೋಣ ಎನ್ನುತ್ತಿದ್ದಾರೆ. ಹೋಗಬೇಕೇ, ಅಥವಾ ಮರ್ಯಾದೆಯಿಂದ ಮುಚ್ಚಿಬಿಡಬೇಕೇ?

ಉತ್ತರ: ಮೊದಲು ಆ 11,000ವನ್ನು ಮರೆತುಬಿಡಿ. ಅದು ಬಂದುಹೋದವರ ಲೆಕ್ಕ. ಹತ್ತು ವರ್ಷದ ಹಿಂದೆ ಗಡಿಯಾರ ನಿಂತಿತೆಂದು ಒಂದೇ ಒಂದು ಪ್ರಶ್ನೆ ಕೇಳಲು ಖಾತೆ ತೆರೆದವನು, ಪಾಸ್‌ವರ್ಡ್ ಮರೆತು ಎರಡನೆಯ ಖಾತೆ ಮಾಡಿಕೊಂಡವನು, ಜಾಹೀರಾತು ಅಂಟಿಸಲು ನುಗ್ಗಿದ ಸ್ಪ್ಯಾಮ್ ಯಂತ್ರ, ತೀರಿಕೊಂಡ ಹಿರಿಯರು, ಎಲ್ಲರೂ ಅದರಲ್ಲಿದ್ದಾರೆ. ಸದಸ್ಯರ ಸಂಖ್ಯೆಗೆ ಇಳಿಯುವುದು ಗೊತ್ತೇ ಇಲ್ಲ. ಗುಂಪು ಸತ್ತ ಮೇಲೂ ಅದು ಏರುತ್ತಲೇ ಇರುತ್ತದೆ.

ಬೇರೊಂದು ಲೆಕ್ಕ ಮಾಡಿ ನೋಡಿ. ಗುಂಪು ಗಿಜಿಗುಡುತ್ತಿದ್ದ ಒಂದು ವರ್ಷವನ್ನು ಆರಿಸಿ, ಅದರಲ್ಲಿ ನೂರು ಪ್ರಶ್ನೆಗಳನ್ನು ತೆಗೆದುಕೊಳ್ಳಿ. ಕೇಳಿದವರು ಯಾರೆಂದು ನೋಡಬೇಡಿ. ಕೆಲಸಕ್ಕೆ ಬರುವಂಥ ಮೊದಲ ಉತ್ತರ ಕೊಟ್ಟವರು ಯಾರು ಎಂಬುದನ್ನಷ್ಟೇ ಬರೆದುಕೊಳ್ಳಿ. ಹಳೆಯ ವಾಲ್ವ್ ರೇಡಿಯೊಗಳ ರಿಪೇರಿಯ ಗುಂಪೊಂದನ್ನು ನಾನು ಹದಿನಾಲ್ಕು ವರ್ಷ ನೋಡಿಕೊಂಡಿದ್ದೆ. ಅಲ್ಲಿ ಈ ಲೆಕ್ಕ ಹಾಕಿದಾಗ ಸಿಕ್ಕಿದ್ದು ಒಂಬತ್ತು ಹೆಸರು. ನಾಲ್ಕು ಸಾವಿರ ಸದಸ್ಯರ ಗುಂಪು ಒಂಬತ್ತು ಜನರ ಹೆಗಲ ಮೇಲೆ ಕುಳಿತಿತ್ತು. ಐದು ವರ್ಷ ಮುಂದಕ್ಕೆ ಹೋಗಿ ಅದೇ ಲೆಕ್ಕ ಹಾಕಿದಾಗ ಮೂರು ಹೆಸರು. ಅದರಲ್ಲಿ ಒಂದು ನನ್ನದೇ.

ಇದು ನಮ್ಮ ಗುಂಪಿಗೆ ಮಾತ್ರ ಬಂದ ಪಾಡಲ್ಲ. ವೆಬ್ ಬಳಕೆಯನ್ನು ಅಧ್ಯಯನ ಮಾಡುವ ಯಾಕೋಬ್ ನೀಲ್ಸನ್ 2006ರಲ್ಲಿ 90-9-1 ಎಂಬ ಅಂದಾಜನ್ನು ಮುಂದಿಟ್ಟರು: ನೂರರಲ್ಲಿ ತೊಂಬತ್ತು ಮಂದಿ ಓದಿ ಹೋಗುತ್ತಾರೆ, ಒಂಬತ್ತು ಮಂದಿ ಆಗೊಮ್ಮೆ ಈಗೊಮ್ಮೆ ಬರೆಯುತ್ತಾರೆ, ಬಹುಪಾಲು ಬರಹ ಉಳಿದ ಒಬ್ಬನದು. ಅಂಕಿಗಳನ್ನು ಅಕ್ಷರಶಃ ಹಿಡಿಯಬೇಕಿಲ್ಲ, ಈ ಅಸಮತೋಲನ ಮಾತ್ರ ಎಲ್ಲೆಡೆ ಅದೇ. ದೊಡ್ಡ ವೇದಿಕೆಗೆ ಇದರಿಂದ ಏನೂ ಆಗುವುದಿಲ್ಲ. ಹತ್ತು ಲಕ್ಷದಲ್ಲಿ ಶೇ 1 ಎಂದರೆ ಹತ್ತು ಸಾವಿರ ಜನ, ನಾಳೆ ನೂರು ಮಂದಿ ಎದ್ದು ಹೋದರೂ ಯಾರಿಗೂ ತಿಳಿಯದು. ಸಾವಿರ ಜನರ ಗುಂಪಿನಲ್ಲಿ ಶೇ 1 ಎಂದರೆ ಹತ್ತು ಜನ. ಒಬ್ಬರಿಗೆ ಕಣ್ಣಿನ ಶಸ್ತ್ರಚಿಕಿತ್ಸೆಯಾಯಿತು, ಇನ್ನೊಬ್ಬರ ಮನೆಗೆ ಮೊಮ್ಮಗು ಬಂತು, ಮತ್ತೊಬ್ಬರು ಗಡಿಯಾರಕ್ಕೆ ಹಾಕುವ ಎಣ್ಣೆಯ ವಿಷಯಕ್ಕೆ ಜಗಳವಾಡಿ ಮುನಿಸಿಕೊಂಡರು. ಅಷ್ಟಕ್ಕೇ ಗುಂಪಿನ ಮೂರನೆಯ ಒಂದು ಭಾಗ ಮೌನ.

ಹಾಗಾಗಿ ನಿಮ್ಮ ಮೊದಲ ಪ್ರಶ್ನೆಗೆ ಇಲ್ಲೇ ಉತ್ತರ ಹೇಳಿಬಿಡುತ್ತೇನೆ. ಆಸಕ್ತಿ ಹೋಗಿಲ್ಲ. ಹಳೆಯ ಗಡಿಯಾರ ಬಿಚ್ಚುವವರು ಇಂದಿಗೂ ಬಿಚ್ಚುತ್ತಿದ್ದಾರೆ, ಸ್ಪ್ರಿಂಗ್ ಚಿಮ್ಮಿ ಮೇಜಿನಡಿ ಬಿದ್ದುದನ್ನು ಹುಡುಕುತ್ತಿದ್ದಾರೆ, ಬೈದುಕೊಳ್ಳುತ್ತಿದ್ದಾರೆ. ನಿಮ್ಮಲ್ಲಿ ಬರಿದಾಗಿರುವುದು ಉತ್ತರಿಸುವವರ ಸಾಲು. ಹಳಬರು ಹೋಗುವುದು ಸಹಜ, ಅದನ್ನು ಯಾರೂ ತಡೆಯಲಾರರು. ಅವರ ಜಾಗಕ್ಕೆ ಹೊಸಬರು ಯಾಕೆ ಬರಲಿಲ್ಲ ಎಂಬುದನ್ನು ನೋಡಬೇಕು.

ಉತ್ತರಿಸುವವನು ಹೇಗೆ ತಯಾರಾಗುತ್ತಾನೆ ಎಂಬುದನ್ನು ನನ್ನ ಅನುಭವದಿಂದಲೇ ಹೇಳುತ್ತೇನೆ. ನಮ್ಮ ರೇಡಿಯೊ ಗುಂಪಿಗೆ ಬರುತ್ತಿದ್ದ ಪ್ರಶ್ನೆಗಳಲ್ಲಿ ಮೂರಕ್ಕೊಂದು ಇದೇ ಆಗಿರುತ್ತಿತ್ತು: ‘ರೇಡಿಯೊ ಹಚ್ಚಿದರೆ ಗುಂಯ್ ಎನ್ನುತ್ತದೆ, ಏನು ಮಾಡಲಿ?’ ಉತ್ತರವೂ ಬಹುಮಟ್ಟಿಗೆ ಒಂದೇ. ವಿದ್ಯುತ್ ಪೂರೈಸುವ ಭಾಗದಲ್ಲಿರುವ ಫಿಲ್ಟರ್ ಕೆಪಾಸಿಟರ್ ವಯಸ್ಸಾಗಿ ಒಣಗಿದೆ, ಬದಲಿಸಿ. ಪ್ಲಗ್ ಕಿತ್ತ ಮೇಲೂ ಅದರೊಳಗೆ ಪ್ರಾಣಕ್ಕೆ ಅಪಾಯ ತರುವಷ್ಟು ವಿದ್ಯುತ್ ಉಳಿದಿರಬಹುದು, ಅದನ್ನು ಖಾಲಿ ಮಾಡುವವರೆಗೂ ಕೈ ಹಾಕಬೇಡಿ. ಈ ಉತ್ತರವನ್ನು ನಾನು ಕಡಿಮೆಯೆಂದರೂ ಇನ್ನೂರು ಸಲ ಬರೆದಿರಬೇಕು. ಕೊನೆಗೊಮ್ಮೆ ರೋಸಿಹೋಗಿ, ‘ಕೇಳುವ ಮುನ್ನ ಹಳೆಯ ಚರ್ಚೆಗಳಲ್ಲಿ ಹುಡುಕಿ, ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಅಳಿಸಲಾಗುವುದು’ ಎಂದು ಪುಟದ ನೆತ್ತಿಯ ಮೇಲೆ ಕೆಂಪಕ್ಷರದಲ್ಲಿ ಅಂಟಿಸಿದೆ. ಗುಂಯ್ ಪ್ರಶ್ನೆಗಳು ನಿಂತವು. ಗುಂಪು ಒಪ್ಪವಾಗಿ, ಗಂಭೀರವಾಗಿ ಕಾಣತೊಡಗಿತು. ನನಗೆ ಬೆನ್ನು ತಟ್ಟಿಕೊಳ್ಳುವಷ್ಟು ಸಂತೋಷ.

ಎರಡು ವರ್ಷವಾದ ಮೇಲೆ ನೋಡಿದರೆ, ಆ ಎರಡು ವರ್ಷದಲ್ಲಿ ಹೊಸದಾಗಿ ಉತ್ತರ ಬರೆಯಲು ಕಲಿತವರು ಒಬ್ಬರೂ ಇರಲಿಲ್ಲ. ಯೋಚಿಸಿದಾಗ ಕಾರಣ ಹೊಳೆಯಿತು, ಹೊಳೆದಾಗ ನಾಚಿಕೆಯೂ ಆಯಿತು. ನಮ್ಮ ಒಂಬತ್ತು ಜನರಲ್ಲಿ ಏಳು ಮಂದಿ ಒಳಗೆ ಬಂದದ್ದೇ ಗುಂಯ್ ಎನ್ನುವ ರೇಡಿಯೊ ಹಿಡಿದುಕೊಂಡು. ಆರು ತಿಂಗಳ ಹಿಂದೆ ಆ ಪ್ರಶ್ನೆ ಕೇಳಿದ ಹುಡುಗನಿಗೆ ಇಂದು ಧೈರ್ಯವಾಗಿ ಉತ್ತರಿಸಲು ಬರುವ ಒಂದೇ ಒಂದು ಪ್ರಶ್ನೆ ಎಂದರೆ ಅದೇ. ಅವನು ಅಳುಕುತ್ತ ಉತ್ತರ ಬರೆಯುತ್ತಾನೆ, ಹಿರಿಯರೊಬ್ಬರು ಬಂದು ‘ಸರಿ ಹೇಳಿದಿರಿ, ಇದೊಂದನ್ನು ಸೇರಿಸಿ’ ಎನ್ನುತ್ತಾರೆ, ಅಲ್ಲಿಗೆ ಅವನು ಗುಂಪಿನವನಾಗುತ್ತಾನೆ. ನಾನು ಆ ಮೆಟ್ಟಿಲನ್ನೇ ಕಿತ್ತುಹಾಕಿದ್ದೆ. ಜ್ಞಾನ ಭಂಡಾರದ ದೃಷ್ಟಿಯಿಂದ ನೋಡಿದರೆ ಮರುಕಳಿಸುವ ಪ್ರಶ್ನೆ ಕಸ. ಗುಂಪಿನ ದೃಷ್ಟಿಯಿಂದ ಅದು ಬಿತ್ತನೆ ಬೀಜ.

ನೀವು ಮಾಡಿದ ತಪ್ಪೇನು ಎಂದು ಕೇಳಿದ್ದೀರಿ. ನಿಮ್ಮ ಗುಂಪನ್ನು ನಾನು ನೋಡಿಲ್ಲ. ಆದರೂ ಎರಡು ತಪ್ಪುಗಳ ಮೇಲೆ ಪಣ ಕಟ್ಟಬಲ್ಲೆ, ಯಾಕೆಂದರೆ ಶ್ರದ್ಧೆಯುಳ್ಳ ನಿರ್ವಾಹಕರು ಮಾಡುವ ತಪ್ಪುಗಳೇ ಅವು. ಒಂದನ್ನು ಈಗಷ್ಟೇ ಹೇಳಿದೆ. ಇನ್ನೊಂದು, ಹರಟೆಯ ಮೂಲೆಯನ್ನು ಮುಚ್ಚುವುದು. ‘ಇಲ್ಲಿ ಗಡಿಯಾರದ ವಿಷಯ ಮಾತ್ರ’ ಎಂಬ ನಿಯಮ ನಿಮ್ಮಲ್ಲೂ ಇರಬೇಕಲ್ಲವೇ? ಅನುಭವಿಯೊಬ್ಬ ದಿನಕ್ಕೆ ಮೂರು ಸಲ ಗುಂಪಿಗೆ ಬರುವುದು ಅಪರಿಚಿತನ ನಿಂತ ಗಡಿಯಾರದ ಸಲುವಾಗಿ ಅಲ್ಲ. ನಿನ್ನೆ ತಾನು ಹೇಳಿದ ತಮಾಷೆಗೆ ಗೆಳೆಯ ಏನೆಂದ ಎಂದು ನೋಡಲು ಬರುತ್ತಾನೆ. ಬಂದವನ ಕಣ್ಣಿಗೆ ಪ್ರಶ್ನೆಯೊಂದು ಬೀಳುತ್ತದೆ, ಎರಡು ಸಾಲು ಬರೆದು ಹೋಗುತ್ತಾನೆ. ಹರಟೆ ನಿಂತರೆ ಅವನು ಬರುವುದು ವಾರಕ್ಕೊಮ್ಮೆಯಾಗುತ್ತದೆ, ಆಮೇಲೆ ತಿಂಗಳಿಗೊಮ್ಮೆ. ಹೊರಗಿನವರ ಕಣ್ಣಿಗೆ ಕಾಲಹರಣವಾಗಿ ಕಂಡದ್ದೇ ನಮ್ಮ ಗುಂಪಿನ ಇಂಧನವಾಗಿತ್ತು.

ಇಷ್ಟು ಒಳಗಿನ ಕತೆ. ಎಲ್ಲ ಹೊಣೆಯನ್ನೂ ನಿಮ್ಮ ತಲೆಗೇ ಕಟ್ಟಿಕೊಳ್ಳಬೇಡಿ. ಹೊರಗಿನ ಜಗತ್ತೂ ಇದೇ ಕಾಲದಲ್ಲಿ ಬದಲಾಯಿತು.

ಸಣ್ಣ ಗುಂಪಿಗೆ ಹೊಸಬರು ಬರುವ ಬಾಗಿಲು ಯಾವುದಾಗಿತ್ತು? ಮುಕ್ಕಾಲು ಪಾಲು ಗೂಗಲ್ ಹುಡುಕಾಟ. ಗಡಿಯಾರದ ಹಿಂಬದಿಯಲ್ಲಿ ಕೊರೆದಿರುವ ಅಂಕಿಯನ್ನು ಟೈಪ್ ಮಾಡಿದರೆ ನಿಮ್ಮಲ್ಲಿ ಎಂಟು ವರ್ಷದ ಹಿಂದೆ ನಡೆದ ಚರ್ಚೆ ಎದುರಾಗುತ್ತಿತ್ತು. ಓದಿದವನು ಧನ್ಯವಾದ ಹೇಳಲೆಂದೇ ಖಾತೆ ತೆರೆಯುತ್ತಿದ್ದ. ಆ ಬಾಗಿಲಿನ ಕೀಲಿ ನಿಮ್ಮ ಕೈಯಲ್ಲಿ ಎಂದೂ ಇರಲಿಲ್ಲ. ಮೆಟಾಫಿಲ್ಟರ್ ಎಂಬ ಚರ್ಚಾತಾಣ 1999ರಿಂದ ನಡೆಯುತ್ತಿದೆ, ಸಭ್ಯ ಚರ್ಚೆಗೆ ಹೆಸರಾದ ಜಾಗ. 2012ರ ನವೆಂಬರ್‌ನಲ್ಲಿ ಗೂಗಲ್ ಫಲಿತಾಂಶಗಳನ್ನು ಜೋಡಿಸುವ ಬಗೆ ಬದಲಾಯಿತು. ಅಲ್ಲಿಗೆ ಬರುವವರ ಸಂಖ್ಯೆ ಧುತ್ತೆಂದು ಕುಸಿಯಿತು, ಜಾಹೀರಾತಿನ ಆದಾಯ ಕರಗಿತು, 2014ರಲ್ಲಿ ಸಿಬ್ಬಂದಿಯನ್ನು ಕಡಿಮೆ ಮಾಡಬೇಕಾಯಿತು. ಅಲ್ಲಿನ ಜನ ಆ ನವೆಂಬರ್‌ನಲ್ಲಿ ಒಮ್ಮೆಲೇ ಕೆಟ್ಟದಾಗಿ ಬರೆಯಲು ಶುರುಮಾಡಿರಲಿಲ್ಲ. ಈಗಂತೂ ಹುಡುಕಾಟದ ಪುಟವೇ ಉತ್ತರದ ಸಾರಾಂಶವನ್ನು ಮೇಲ್ಗಡೆ ಬರೆದುಕೊಡುತ್ತದೆ. ನಿಮ್ಮ ಸದಸ್ಯರು ಬರೆದ ಉತ್ತರವನ್ನು ಓದಲು ನಿಮ್ಮಲ್ಲಿಗೆ ಬರಬೇಕಾದ ಅಗತ್ಯವೇ ಉಳಿದಿಲ್ಲ.

ಆಮೇಲೆ ಬಂದದ್ದು ಮಾತಾಡುವ ಯಂತ್ರಗಳು. 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಸಾರ್ವಜನಿಕರಿಗೆ ಸಿಕ್ಕಿತು. ಪ್ರೋಗ್ರಾಮಿಂಗ್ ಪ್ರಶ್ನೋತ್ತರಕ್ಕೆಂದು 2008ರಲ್ಲಿ ಶುರುವಾದ ಸ್ಟ್ಯಾಕ್ ಓವರ್‌ಫ್ಲೋ ಕೆಲವೇ ದಿನಗಳಲ್ಲಿ, ಯಂತ್ರ ಬರೆದ ಉತ್ತರಗಳನ್ನು ಇಲ್ಲಿ ಹಾಕಬೇಡಿ ಎಂದು ತಡೆ ಹಾಕಿತು. ಉತ್ತರಗಳಿಗೇನೋ ತಡೆ ಹಾಕಬಹುದು, ಪ್ರಶ್ನೆಗಳು ಬೇರೆಡೆ ಹೋಗುವುದನ್ನು ತಡೆಯಲಾಗದು. ಅಲ್ಲಿನ ಹೊಸ ಪ್ರಶ್ನೆಗಳ ಸಂಖ್ಯೆ ಆ ನಂತರ ಕಡಿದಾಗಿ ಇಳಿಯಿತು. ಎಲ್ಲರೂ ಇದನ್ನೊಂದನ್ನೇ ಹೇಳುತ್ತಾರೆ. ನನ್ನ ತಕರಾರು ಏನೆಂದರೆ, ಅಲ್ಲಿನ ಇಳಿತ ಯಂತ್ರ ಬರುವುದಕ್ಕೆ ಎಷ್ಟೋ ವರ್ಷ ಮೊದಲೇ ಆರಂಭವಾಗಿತ್ತು. ಪ್ರಶ್ನೆಗಳ ಸಂಖ್ಯೆ 2014ರ ಆಸುಪಾಸಿನಲ್ಲೇ ಶಿಖರ ಮುಟ್ಟಿತ್ತು. ‘ಇದನ್ನು ಈಗಾಗಲೇ ಕೇಳಲಾಗಿದೆ’ ಎಂಬ ಮುದ್ರೆ ಒತ್ತಿ ಹೊಸಬರ ಪ್ರಶ್ನೆಗಳನ್ನು ಮುಚ್ಚುವುದರಲ್ಲಿ ಆ ತಾಣ ನನ್ನ ಕೆಂಪಕ್ಷರಕ್ಕಿಂತ ಹತ್ತು ಪಟ್ಟು ಶಿಸ್ತಿನದ್ದಾಗಿತ್ತು. ಬೈಸಿಕೊಂಡು ಉತ್ತರ ಪಡೆಯುತ್ತಿದ್ದವನಿಗೆ ಬೈಯದೆ ಉತ್ತರ ಕೊಡುವ ಯಂತ್ರ ಸಿಕ್ಕರೆ ಅವನು ಹೋಗದೆ ಇರುತ್ತಾನೆಯೇ?

ಯಂತ್ರ ಕೊಡುವ ಉತ್ತರ ಸರಿಯೋ ತಪ್ಪೋ ಎಂಬ ಚರ್ಚೆ ಇಲ್ಲಿ ನನಗೆ ಮುಖ್ಯವಲ್ಲ. ಗುಂಯ್ ಪ್ರಶ್ನೆಗೆ ಅದು ಸರಿಯಾಗಿಯೇ ಹೇಳುತ್ತದೆ, ನಾನು ಪರೀಕ್ಷಿಸಿದ್ದೇನೆ. ತೊಂದರೆ ಅದರಲ್ಲೇ ಇದೆ. ಸುಲಭದ ಪ್ರಶ್ನೆಗಳೆಲ್ಲ ಅಲ್ಲಿಗೆ ಹೋದರೆ ಗುಂಪಿಗೆ ಬರುವುದು ಯಾರಿಗೂ ಉತ್ತರ ತಿಳಿಯದ ಕಗ್ಗಂಟುಗಳು ಮಾತ್ರ. ಅವಕ್ಕೆ ಉತ್ತರಿಸಬಲ್ಲವರು ಇಬ್ಬರೋ ಮೂವರೋ. ಉಳಿದವರು ಓದಿ, ಹೌದಲ್ಲ ಎಂದುಕೊಂಡು ಸುಮ್ಮನಾಗುತ್ತಾರೆ. ಕಲಿತವನು ಕಲಿಸುವವನಾಗುವ ನಡುವಿನ ದಾರಿಯಲ್ಲಿ ಹುಲ್ಲು ಬೆಳೆಯುತ್ತದೆ.

ಇನ್ನು ಜಾಗದ ಮಾತು. ಹಳೆಯ ಕಾಲದ ಚರ್ಚಾ ವೇದಿಕೆಯಲ್ಲಿ ಒಂದು ಸರಳ ಏರ್ಪಾಡಿತ್ತು: ಯಾವ ಚರ್ಚೆಗೆ ಹೊಸ ಉತ್ತರ ಬಂತೋ ಅದು ಪಟ್ಟಿಯ ಮೇಲಕ್ಕೆ ಬರುತ್ತದೆ. ಮೂರು ವಾರದ ಹಿಂದಿನ ಪ್ರಶ್ನೆಯೂ ಒಂದು ಉತ್ತರದಿಂದ ಮತ್ತೆ ಜೀವ ಪಡೆಯುತ್ತಿತ್ತು. ಗಡಿಯಾರದ ಕೆಲಸಕ್ಕೆ ಇದು ಹೇಳಿಮಾಡಿಸಿದಂತಿತ್ತು. ಬಿಡಿಭಾಗ ಹುಡುಕಬೇಕು, ತರಿಸಬೇಕು, ಬರುವುದಕ್ಕೆ ಒಂದೂವರೆ ತಿಂಗಳು, ಜೋಡಿಸಿದ ಮೇಲೆ ದಿನಕ್ಕೆ ಎಷ್ಟು ಸೆಕೆಂಡು ಮುಂದೆ ಹೋಗುತ್ತದೆ ಎಂದು ಒಂದು ವಾರ ನೋಡಬೇಕು. ಅಷ್ಟಾದ ಮೇಲೆ ಬಂದು ‘ನೀವು ಹೇಳಿದ್ದೇ ಸರಿಯಾಗಿತ್ತು’ ಎಂದು ಬರೆಯುವುದು. ಈಗಿನ ಸಾಮಾಜಿಕ ಜಾಲತಾಣಗಳ ಫೀಡ್‌ನಲ್ಲಿ ಬರಹದ ಆಯುಷ್ಯ ಒಂದು ದಿನ, ಹೆಚ್ಚೆಂದರೆ ಎರಡು. ಯಾವುದನ್ನು ಯಾರಿಗೆ ತೋರಿಸಬೇಕೆಂದು ಅಲ್ಗಾರಿದಮ್ ತೀರ್ಮಾನಿಸುತ್ತದೆ, ಮೊದಲ ಗಂಟೆಯಲ್ಲಿ ನಾಲ್ಕು ಮಂದಿ ಮೆಚ್ಚದ ಬರಹ ಮುಳುಗುತ್ತದೆ. ಹೊಳೆಯುವ ಗಡಿಯಾರದ ಚಿತ್ರಕ್ಕೆ ಮುನ್ನೂರು ಮೆಚ್ಚುಗೆ, ಗಡಿಯಾರದ ಲಯ ಕಾಯುವ ಬ್ಯಾಲೆನ್ಸ್ ವೀಲ್ ಯಾಕೆ ಅರೆಬರೆ ತಿರುಗುತ್ತದೆ ಎಂಬ ಪ್ರಶ್ನೆಗೆ ಸೊನ್ನೆ. ಕೇಳಿದವನಿಗೆ ಬಂದ ದಾರಿಗೆ ಸುಂಕವಿಲ್ಲ. ಬಲ್ಲವರು ಗುಂಪಿನಲ್ಲೇ ಇದ್ದರು, ಪ್ರಶ್ನೆ ಅವರ ಕಣ್ಣಿಗೆ ಬೀಳಲೇ ಇಲ್ಲ ಎಂಬುದು ಅವನಿಗೆ ಹೇಗೆ ತಿಳಿಯಬೇಕು?

ಇದರ ಅರ್ಥ ಜನ ಬಂದರೆ ಎಲ್ಲ ಸರಿಹೋಗುತ್ತದೆ ಎಂದಲ್ಲ. ಜನ ಹೆಚ್ಚಾಗಿ ಸತ್ತ ಗುಂಪುಗಳೂ ಉಂಟು. ಯೂಸ್‌ನೆಟ್ ಎಂಬ ಜಾಲವನ್ನು 1979ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು ಯೋಜಿಸಿದರು. ಇಂದಿನ ಚರ್ಚಾ ಗುಂಪುಗಳಿಗೆಲ್ಲ ಅದೇ ಮುತ್ತಜ್ಜ. ಪ್ರತಿ ಸೆಪ್ಟೆಂಬರ್‌ನಲ್ಲಿ ಹೊಸ ವಿದ್ಯಾರ್ಥಿಗಳು ಕಾಲೇಜು ಸೇರಿ, ಮೊದಲ ಬಾರಿಗೆ ಇಂಟರ್‌ನೆಟ್ ಸಂಪರ್ಕ ಪಡೆದು ಅಲ್ಲಿಗೆ ನುಗ್ಗುತ್ತಿದ್ದರು. ಗದ್ದಲವೋ ಗದ್ದಲ. ಹಳಬರು ಗದರಿ, ತಿದ್ದಿ, ಕೆಲವು ವಾರಗಳಲ್ಲಿ ಹಾದಿಗೆ ತರುತ್ತಿದ್ದರು. 1993ರಿಂದಾಚೆಗೆ ವಾಣಿಜ್ಯ ಸಂಪರ್ಕ ಕಂಪನಿಗಳ ಗ್ರಾಹಕರು ವರ್ಷವಿಡೀ ಬರತೊಡಗಿದರು. ತಿದ್ದುವವರು ಅಷ್ಟೇ, ಬರುವವರು ಲಕ್ಷ. ‘ಮುಗಿಯದ ಸೆಪ್ಟೆಂಬರ್’ ಎಂದು ಆ ಕಾಲಕ್ಕೆ ಅಡ್ಡಹೆಸರು ಬಿತ್ತು. ಗುಂಪೊಂದು ಎಷ್ಟು ಹೊಸಬರನ್ನು ತನ್ನವರನ್ನಾಗಿ ಮಾಡಿಕೊಳ್ಳಬಲ್ಲದು ಎಂಬುದಕ್ಕೆ ಮಿತಿಯಿದೆ, ಅದನ್ನು ನಿರ್ಧರಿಸುವವರು ಮತ್ತೆ ಅದೇ ಎಂಟು ಹತ್ತು ಮಂದಿ. ನಿಮ್ಮ ಗಡಿಯಾರದ ಗುಂಪಿಗೆ ನಾಳೆಯೇ ಐದು ಸಾವಿರ ಜನ ಬಂದರೆ ಉಳಿದಿರುವ ಕೆಲವರೂ ಓಡಿಹೋಗುತ್ತಾರೆ.

ಗುಂಪು ಇರುವ ಮನೆ ಸ್ವಂತದ್ದೋ ಬಾಡಿಗೆಯದ್ದೋ ಎಂಬುದನ್ನೂ ನೀವು ಬರೆದಿಲ್ಲ. ಬಾಡಿಗೆಯದ್ದಾದರೆ, ಎಂದರೆ ಬೇರೆ ಕಂಪನಿಯ ತಾಣದಲ್ಲಿದ್ದರೆ, ಮಾಲೀಕ ಯಾವ ದಿನ ಬೇಕಾದರೂ ಎಬ್ಬಿಸಬಹುದು. ಆರ್ಕುಟ್ ಎಂಬ ಸಾಮಾಜಿಕ ಜಾಲತಾಣ ತನ್ನ ಸಮುದಾಯಗಳ ಸಮೇತ 2014ರ ಸೆಪ್ಟೆಂಬರ್ 30ರಂದು ಬಾಗಿಲು ಹಾಕಿತು. ಸಿನಿಮಾ ಮಾಹಿತಿಯ ಐಎಂಡಿಬಿ ತಾಣ 2017ರ ಫೆಬ್ರುವರಿಯಲ್ಲಿ ತನ್ನ ಚರ್ಚಾ ಫಲಕಗಳನ್ನು ಮುಚ್ಚಿತು. ಸಾರ್ವಜನಿಕರ ಗೂಗಲ್ ಪ್ಲಸ್ 2019ರ ಏಪ್ರಿಲ್‌ನಲ್ಲಿ ಹೋಯಿತು. ನನಗೆ ಹೆಚ್ಚು ಸಂಕಟವಾದದ್ದು ಯಾಹೂ ಗ್ರೂಪ್ಸ್ ವಿಷಯದಲ್ಲಿ. 2001ರಿಂದ ಅಲ್ಲಿ ಕೂಡಿಟ್ಟ ಕಡತ, ಚಿತ್ರ, ಸಂದೇಶಗಳನ್ನು ಅಳಿಸುವುದಾಗಿ 2019ರ ಅಕ್ಟೋಬರ್‌ನಲ್ಲಿ ಘೋಷಣೆ ಬಂತು. ಸದಸ್ಯರಿಗೆ ಸಿಕ್ಕಿದ್ದು ಕೆಲವೇ ವಾರಗಳ ಕಾಲಾವಕಾಶ. 2020ರ ಡಿಸೆಂಬರ್ 15ಕ್ಕೆ ಸೇವೆಯೇ ನಿಂತಿತು. ಗೂಗಲ್ ಗ್ರೂಪ್ಸ್‌ನಲ್ಲಿ ಯೂಸ್‌ನೆಟ್‌ನ ಹೊಸ ಬರಹಗಳು ಬರುವುದು 2024ರ ಫೆಬ್ರುವರಿಯಲ್ಲಿ ನಿಂತಿತು.

ಮನೆ ಸ್ವಂತದ್ದಾದರೂ ಗೋಡೆಯ ಚಿತ್ರಗಳು ಬೇರೆಯವರದಾಗಿದ್ದರೆ? ಹವ್ಯಾಸಿ ಗುಂಪುಗಳ ಮೇಲೆ ಬಿದ್ದ ಅತಿ ದೊಡ್ಡ ಪೆಟ್ಟುಗಳಲ್ಲಿ ಒಂದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಚರ್ಚೆಗಳ ನಡುವಿನ ಚಿತ್ರಗಳನ್ನು ಜನ ಫೋಟೊಬಕೆಟ್ ಎಂಬ ಉಚಿತ ತಾಣದಲ್ಲಿ ಇಟ್ಟು, ಲಿಂಕ್ ಮಾತ್ರ ತಂದು ಅಂಟಿಸುತ್ತಿದ್ದರು. 2017ರ ಮಧ್ಯಭಾಗದಲ್ಲಿ ಆ ತಾಣ ನಿಯಮ ಬದಲಿಸಿ, ಬೇರೆ ತಾಣಗಳಲ್ಲಿ ಚಿತ್ರ ತೋರಿಸಬೇಕೆಂದರೆ ವರ್ಷಕ್ಕೆ 399 ಡಾಲರ್ ಕೊಡಬೇಕು ಎಂದಿತು. ರಾತ್ರೋರಾತ್ರಿ ಲೆಕ್ಕವಿಲ್ಲದಷ್ಟು ರಿಪೇರಿ ಪಾಠಗಳಲ್ಲಿ ಚಿತ್ರದ ಜಾಗಕ್ಕೆ ಹಣ ಕೇಳುವ ಫಲಕ ಬಂದು ಕುಳಿತಿತು. ‘ಚಿತ್ರದಲ್ಲಿ ತೋರಿಸಿದಂತೆ ಎಡಗಡೆಯ ತಿರುಪನ್ನು ಸಡಿಲಿಸಿ’ ಎಂಬ ವಾಕ್ಯ ಉಳಿಯಿತು, ಚಿತ್ರ ಇಲ್ಲ. ನಮ್ಮ ಗುಂಪಿನ ಹಿರಿಯರೊಬ್ಬರು ಏಳು ವರ್ಷ ಕೂತು ಮಾಡಿದ್ದ ನಲವತ್ತು ಸಚಿತ್ರ ಪಾಠಗಳು ಹೀಗೆ ಕುರುಡಾದವು. ಅವರು ಜಗಳವಾಡಲಿಲ್ಲ, ವಿದಾಯವನ್ನೂ ಹೇಳಲಿಲ್ಲ. ಬರೆಯುವುದನ್ನು ನಿಲ್ಲಿಸಿದರು, ಅಷ್ಟೆ.

ನಿರ್ವಾಹಕರ ದಣಿವು ಇನ್ನೊಂದು. ಸಾವಿರಾರು ಉಪಗುಂಪುಗಳಿರುವ ಚರ್ಚಾತಾಣ ರೆಡಿಟ್ 2023ರ ಏಪ್ರಿಲ್‌ನಲ್ಲಿ, ಹೊರಗಿನ ಆ್ಯಪ್‌ಗಳು ತನ್ನ ಮಾಹಿತಿಯನ್ನು ಬಳಸಿದರೆ ಶುಲ್ಕ ಹಾಕುವುದಾಗಿ ಹೇಳಿತು. ರೆಡಿಟ್ ಓದಲು ಬಳಸುತ್ತಿದ್ದ ಅಪೊಲೊ ಎಂಬ ಆ್ಯಪ್ ಮಾಡಿದವರು ತಮಗೆ ವರ್ಷಕ್ಕೆ ಸುಮಾರು 2 ಕೋಟಿ ಡಾಲರ್ ಆಗುತ್ತದೆ ಎಂದು ಲೆಕ್ಕ ಕೊಟ್ಟು, ಜೂನ್ 30ಕ್ಕೆ ಅದನ್ನು ನಿಲ್ಲಿಸಿದರು. ಅದೇ ತಿಂಗಳ 12ರಿಂದ ಸಾವಿರಾರು ಉಪಗುಂಪುಗಳು ಪ್ರತಿಭಟಿಸಿ ಬಾಗಿಲು ಹಾಕಿಕೊಂಡವು. ಬೆಲೆ ಬದಲಾಗಲಿಲ್ಲ. ಆ ಗುಂಪುಗಳನ್ನು ಗುಡಿಸಿ ಸಾರಿಸುತ್ತಿದ್ದವರು ಸಂಬಳವಿಲ್ಲದ ಸ್ವಯಂಸೇವಕರು, ಹಲವರು ಆ ಕೆಲಸಕ್ಕೆ ಬಳಸುತ್ತಿದ್ದದ್ದು ಇಂಥ ಹೊರಗಿನ ಆ್ಯಪ್‌ಗಳನ್ನೇ. ಬಿಟ್ಟಿ ದುಡಿಯುವವನ ಕೈಯಿಂದ ಪೊರಕೆಯನ್ನೂ ಕಿತ್ತುಕೊಂಡರೆ ಅವನು ಎಷ್ಟು ದಿನ ಗುಡಿಸಿಯಾನು? ಸ್ವಂತ ಸರ್ವರ್‌ನಲ್ಲಿ ಗುಂಪು ನಡೆಸುವವರ ಮೇಲೆ ಈಗ ಕಾನೂನಿನ ಭಾರವೂ ಸೇರಿಕೊಂಡಿದೆ. ಬ್ರಿಟನ್ನಿನ ಆನ್‌ಲೈನ್ ಸುರಕ್ಷತಾ ಕಾಯ್ದೆಯ ಹೊಣೆಗಳು 2025ರ ಮಾರ್ಚ್‌ನಿಂದ ಜಾರಿಗೆ ಬರುತ್ತವೆ ಎಂದಾಗ, ಒಬ್ಬರೇ ನಡೆಸುತ್ತಿದ್ದ ಕೆಲವು ಸಣ್ಣ ವೇದಿಕೆಗಳು ಈ ಕಾಗದಪತ್ರ ನಮ್ಮಿಂದಾಗದು ಎಂದು ಮುಚ್ಚುವ ತೀರ್ಮಾನ ಪ್ರಕಟಿಸಿದವು.

ಈಗ ಚಾಟ್ ಆ್ಯಪ್‌ಗೆ ಹೋಗಬೇಕೇ ಎಂಬುದು. ಆಸೆ ನನಗೆ ಅರ್ಥವಾಗುತ್ತದೆ. ಡಿಸ್ಕಾರ್ಡ್‌ನಂಥ ಆ್ಯಪ್‌ಗಳಲ್ಲಿ ಕೇಳಿದ ಐದು ನಿಮಿಷಕ್ಕೆ ಉತ್ತರ ಸಿಗುತ್ತದೆ, ನಗು ಇದೆ, ಬಿಸಿ ಇದೆ, ನಾನು ಮೇಲೆ ಹೇಳಿದ ಹರಟೆ ಅಲ್ಲಿ ಧಾರಾಳವಾಗಿದೆ. ಆದರೆ ಅಲ್ಲಿ ಮಾತು ಹರಿದುಹೋಗುತ್ತದೆ, ನಿಲ್ಲುವುದಿಲ್ಲ. ನಿನ್ನೆಯ ಉತ್ತರ ಇಂದಿನ ಇನ್ನೂರು ಸಂದೇಶಗಳ ಕೆಳಗೆ. ಒಳಗೆ ನಡೆದದ್ದು ಹೊರಗಿನ ಹುಡುಕಾಟಕ್ಕೆ ಸಿಗುವುದಿಲ್ಲ, ಎಂದರೆ ಹೊಸಬ ಬರುತ್ತಿದ್ದ ಬಾಗಿಲನ್ನು ನೀವೇ ಕೈಯಾರೆ ಮುಚ್ಚಿದಂತೆ. ಮೊದಲ ಆರು ತಿಂಗಳು ಗುಂಪು ಮರುಜೀವ ಪಡೆದಂತೆ ಕಾಣುತ್ತದೆ. ಆಮೇಲೆ ಅದೇ ಹದಿನೈದು ಜನ ಅದೇ ಹದಿನೈದು ಜನರೊಡನೆ ಮಾತಾಡುತ್ತಿರುತ್ತಾರೆ. ಚಾಟ್ ಬೇಕಾದರೆ ಪಕ್ಕದ ಕೋಣೆಯಾಗಿ ಇರಲಿ, ಅಲ್ಲಿ ಸಿಕ್ಕ ಒಳ್ಳೆಯ ಉತ್ತರವನ್ನು ವಾರಕ್ಕೊಮ್ಮೆ ತಂದು ಗುಂಪಿನಲ್ಲಿ ಬರೆಯುವ ಕೆಲಸ ಯಾರದೆಂದು ಮೊದಲೇ ಗೊತ್ತುಮಾಡಿ. ‘ಎಲ್ಲರೂ ಮಾಡೋಣ’ ಎಂದರೆ ಯಾರೂ ಮಾಡುವುದಿಲ್ಲ. ಆ ಯಾರೋ ಒಬ್ಬರು ನೀವೇ ಆಗುವ ಸಂಭವ ಹೆಚ್ಚು, ಅದಕ್ಕೆ ಸಿದ್ಧರಿಲ್ಲದಿದ್ದರೆ ಚಾಟ್ ಬೇಡ.

ಉಳಿದಂತೆ ನಾನಾಗಿದ್ದರೆ ಈ ಕ್ರಮದಲ್ಲಿ ಕೆಲಸ ಮಾಡುತ್ತಿದ್ದೆ. ಎಲ್ಲಕ್ಕಿಂತ ಮೊದಲು ಬ್ಯಾಕಪ್. ಗುಂಪಿನ ಬರಹ, ಚಿತ್ರ ಎಲ್ಲದರ ಪ್ರತಿಯನ್ನು ನಿಮ್ಮ ಬಳಿ ಒಂದು, ಇನ್ನೊಬ್ಬರ ಬಳಿ ಒಂದು ಇಡಿ. ಬೇರೆ ತಾಣದಲ್ಲಿರುವ ಚಿತ್ರಗಳು ಇನ್ನೂ ತೆರೆಯುತ್ತಿದ್ದರೆ ಇಂದೇ ಇಳಿಸಿಕೊಳ್ಳಿ. ಅತಿ ಹೆಚ್ಚು ಓದಿಸಿಕೊಂಡ ನೂರು ಚರ್ಚೆಗಳ ವಿಳಾಸಗಳನ್ನು ವೆಬ್ ಪುಟಗಳ ಪ್ರತಿ ಕಾದಿಡುವ ಇಂಟರ್‌ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ಗೆ ಕೊಟ್ಟು ಉಳಿಸಿ. ಖರ್ಚಿಲ್ಲ, ಒಂದು ಭಾನುವಾರದ ಕೆಲಸ. ಡೊಮೇನ್ ಹೆಸರು ಯಾರ ಹೆಸರಿನಲ್ಲಿದೆ, ಯಾವ ಕಾರ್ಡ್‌ನಿಂದ ಹಣ ಹೋಗುತ್ತದೆ, ಪಾಸ್‌ವರ್ಡ್ ಇನ್ನಾರಿಗೆ ಗೊತ್ತು ಎಂಬುದನ್ನೂ ಅದೇ ದಿನ ಬರೆದಿಡಿ. ಕಾರ್ಡ್‌ನ ಅವಧಿ ಮುಗಿದು, ಎಚ್ಚರಿಕೆಯ ಇಮೇಲ್ ಯಾರೂ ತೆರೆಯದ ಖಾತೆಗೆ ಹೋಗಿ ಇಲ್ಲವಾದ ಗುಂಪುಗಳನ್ನು ನಾನು ಕಂಡಿದ್ದೇನೆ.

ಆಮೇಲೆ ಪತ್ರ. ಹಳೆಯ ಲೆಕ್ಕದಲ್ಲಿ ಸಿಕ್ಕ ಹೆಸರುಗಳಿಗೆ ಒಬ್ಬೊಬ್ಬರಿಗೆ ಬೇರೆ ಬೇರೆಯಾಗಿ ಬರೆಯಿರಿ. ‘ಗುಂಪು ಬಡವಾಗಿದೆ, ದಯವಿಟ್ಟು ಮರಳಿ ಬನ್ನಿ’ ಎಂದು ಬರೆಯಬೇಡಿ. ಅದನ್ನು ಓದಿದವನಿಗೆ ಪಾಪಪ್ರಜ್ಞೆ ಬರುತ್ತದೆ, ಅವನು ಬರುವುದಿಲ್ಲ. ಅವರಿಗಷ್ಟೇ ಗೊತ್ತಿರುವಂಥ ಪ್ರಶ್ನೆಯೊಂದನ್ನು ಕೇಳಿ. ನಮ್ಮ ಪಾಠಗಳ ಹಿರಿಯರು ಮೂರು ವರ್ಷದ ಮೇಲೆ ಮರಳಿದ್ದು ನನ್ನ ಬೇಡಿಕೆಗೆ ಕರಗಿ ಅಲ್ಲ. ಟ್ಯೂನಿಂಗ್ ದಾರ ಕಡಿದ ರೇಡಿಯೊ ಒಂದರ ಚಿತ್ರ ಕಳಿಸಿ, ಇದಕ್ಕೆ ದಾರ ಸುತ್ತುವ ಕ್ರಮ ಎಲ್ಲೂ ಸಿಗುತ್ತಿಲ್ಲ ಎಂದು ಬರೆದೆ. ಅರ್ಧ ಗಂಟೆಯಲ್ಲಿ ಉತ್ತರ ಬಂತು, ಕೈಯಲ್ಲಿ ಬಿಡಿಸಿದ ನಕ್ಷೆಯ ಸಮೇತ. ಅದನ್ನು ಗುಂಪಿನಲ್ಲಿ ಹಾಕಲು ಅನುಮತಿ ಕೇಳಿದೆ. ಯಾರೋ ಅದರಲ್ಲೊಂದು ತಪ್ಪು ಹುಡುಕಿದರು. ಅದನ್ನು ಅಲ್ಲಗಳೆಯಲು ಅವರೇ ಬಂದರು.

ಹೊಸಬರ ಪ್ರಶ್ನೆಗೆ ಬೇರೆ ಮೂಲೆ ಮಾಡಿ, ಅಲ್ಲಿ ‘ಹುಡುಕಿ ನೋಡಿ’ ಎನ್ನುವುದನ್ನು ನಿಷೇಧಿಸಿ. ಸುಲಭದ ಪ್ರಶ್ನೆ ಬಂದಾಗ ನೀವು ಒಂದು ದಿನ ಬಾಯಿ ಮುಚ್ಚಿಕೊಂಡಿರಿ. ಇದು ಹೇಳಿದಷ್ಟು ಸುಲಭವಲ್ಲ, ಉತ್ತರ ತಿಳಿದವನ ಬೆರಳು ತುರಿಸುತ್ತದೆ. ಹಿಂದಿನ ತಿಂಗಳು ಇದೇ ಸಮಸ್ಯೆಯಿಂದ ಪಾರಾದವರ ಹೆಸರು ಹಿಡಿದು ‘ನೀವು ಇದನ್ನು ಹೇಗೆ ಸರಿಮಾಡಿದಿರಿ?’ ಎಂದು ಕರೆಯಿರಿ. ಹರಟೆಯ ಮೂಲೆಯನ್ನು ತೆರೆಯಿರಿ. ಐದು ವರ್ಷದಿಂದ ಒಳಗೆ ಬಾರದ ಖಾತೆಗಳನ್ನು ಸದಸ್ಯರ ಪಟ್ಟಿಯಿಂದ ತೆಗೆಯಿರಿ, ಬರಹಗಳನ್ನು ಮಾತ್ರ ಮುಟ್ಟಬೇಡಿ. ಸಂಖ್ಯೆ 11,000ದಿಂದ ನಾನೂರಕ್ಕೆ ಇಳಿದರೆ ಎದೆ ಝಲ್ಲೆನ್ನುತ್ತದೆ, ನಾನು ಹಾಗೆ ಮಾಡಿದಾಗ ಗುಂಪಿನಲ್ಲಿ ಕೂಗಾಟವೇ ಆಯಿತು. ಆದರೆ ನಾಲ್ಕು ಸಾವಿರ ಜನರಲ್ಲಿ ಯಾರಾದರೂ ಉತ್ತರಿಸಿಯಾರು ಎಂದು ಸುಮ್ಮನಿದ್ದವರು, ಪಟ್ಟಿ ಚಿಕ್ಕದಾದದ್ದು ಕಂಡಾಗ ತಾವೇ ಎರಡು ಸಾಲು ಬರೆದರು. ಸೇರುವುದಕ್ಕೆ ಸಣ್ಣ ಶುಲ್ಕ ಇಡುವ ದಾರಿಯೂ ಇದೆ. ಮೆಟಾಫಿಲ್ಟರ್ ಖಾತೆಗೆ ಒಂದೇ ಸಲ 5 ಡಾಲರ್ ಪಡೆಯುವ ಪದ್ಧತಿ ಇಟ್ಟುಕೊಂಡು ಸ್ಪ್ಯಾಮ್ ಯಂತ್ರಗಳನ್ನು ದೂರವಿಟ್ಟಿತು. ಬಡಕಲಾದ ಗುಂಪಿಗೆ ಈಗಲೇ ಆ ಔಷಧ ಕೊಡಬೇಡಿ.

ಮುಚ್ಚಬೇಕೇ ಎಂಬುದಕ್ಕೆ ನನ್ನ ಅಳತೆ ಇಷ್ಟು. ಆರು ತಿಂಗಳು ಇದನ್ನೆಲ್ಲ ಮಾಡಿದ ಮೇಲೆ, ನಿಮ್ಮನ್ನು ಬಿಟ್ಟು ಮೂವರು ಉತ್ತರಿಸುವವರು ಉಳಿದಿದ್ದರೆ ನಡೆಸಿ, ವಾರಕ್ಕೆ ಎರಡೇ ಪ್ರಶ್ನೆ ಬಂದರೂ ಸರಿಯೇ. ಎರಡು ಪ್ರಶ್ನೆಗೂ ಅದೇ ವಾರ ಉತ್ತರ ಸಿಗುವ ಗುಂಪನ್ನು ಸತ್ತಿದೆ ಎನ್ನಲು ನಾನು ಒಪ್ಪುವುದಿಲ್ಲ. ಉತ್ತರಿಸುವವರು ನೀವೊಬ್ಬರೇ ಆಗಿದ್ದರೆ ಹೊಸ ಬರಹ ನಿಲ್ಲಿಸಿ, ಓದಲು ಮಾತ್ರ ತೆರೆದಿಡಿ. ಎರಡು ತಿಂಗಳು ಮುಂಚಿತವಾಗಿ ದಿನಾಂಕ ಪ್ರಕಟಿಸಿ, ತಮ್ಮ ಬರಹ ಅಳಿಸಬೇಕೆನ್ನುವವರಿಗೆ ಅವಕಾಶ ಕೊಡಿ, ಬ್ಯಾಕಪ್ ಪ್ರತಿ ಯಾರ ಬಳಿ ಇದೆ ಎಂದು ತಿಳಿಸಿ. ಹುಡುಕಾಟದ ಯಂತ್ರಗಳಿಗೆ ಬಾಗಿಲು ಮುಚ್ಚಬೇಡಿ. ಮುಖಪುಟದಲ್ಲಿ ನಿಮ್ಮ ಇಮೇಲ್ ವಿಳಾಸವೊಂದನ್ನು ಬಿಟ್ಟಿರಿ. ನನ್ನ ರೇಡಿಯೊ ಗುಂಪು ಹಾಗೆ ನಿಂತು ನಾಲ್ಕು ವರ್ಷವಾಯಿತು, ಕಳೆದ ತಿಂಗಳು ಆ ವಿಳಾಸಕ್ಕೆ ಒಂದು ಪ್ರಶ್ನೆ ಬಂದಿತ್ತು: ಹಚ್ಚಿದರೆ ಗುಂಯ್ ಎನ್ನುತ್ತದೆಯಂತೆ.